ಆಯುಧಪೂಜೆಯಲ್ಲಿ ಕೆಟ್ಟ ಹಾರ್ಡ್ ಡಿಸ್ಕ್

ಗುಮಾಸ್ತ ಪಂಪಣ್ಣ ಒದ್ದೆ ಬಟ್ಟೆ ಹಿಂಡಿ ಕಂಪ್ಯೂಟರಿನ ಮೈ ಒರೆಸುತ್ತಿದ್ದ. ಅದರ ಹೊಟ್ಟೆಯೊಳಗೆ ನಾನು ಇನ್ನೂ ತಿರುಗುತ್ತಲೇ ಇದ್ದೆ.

ನಾನು ಒಂದು ಹಾರ್ಡ್ ಡಿಸ್ಕ್. ಹುಟ್ಟಿದ್ದು ದೂರದೇಶದ ಕಾರ್ಖಾನೆಯಲ್ಲಿ, ಧೂಳೇ ಇಲ್ಲದ ಕೋಣೆಯಲ್ಲಿ. ಬಳ್ಳಾರಿಯ ಅಂಗಡಿಯವನು ನನ್ನನ್ನು ಹೊಸಪೇಟೆಯ ಒಂದು ಅನಾಥ ಮಕ್ಕಳ ಆಶ್ರಮಕ್ಕೆ ಮಾರಿದ. ಇಲ್ಲಿ ಧೂಳಿಗೇನೂ ಕೊರತೆ ಇಲ್ಲ. ಇಲ್ಲಿ ಬೆಳೆದುಹೋದ ಎರಡು ಸಾವಿರ ಮಕ್ಕಳ ಹೆಸರು, ಸೇರಿದ ದಿನ, ಈಗಿನ ವಿಳಾಸ, ಎಲ್ಲ ನನ್ನಲ್ಲೇ ಇದ್ದವು. ನನ್ನೊಳಗೆ ಇಳಿಸಿದ ಮೇಲೆ ಹಳೇ ರಿಜಿಸ್ಟರುಗಳನ್ನು ಯಾರೂ ನೋಡಲಿಲ್ಲ, ಗೆದ್ದಲು ತಿಂದುಹಾಕಿತು.

ಅವತ್ತು ಆಯುಧಪೂಜೆ. "ಯಂತ್ರಕ್ಕೂ ಒಂದಿನ ವಿಶ್ರಾಂತಿ ಬೇಕಲ್ರೀ" ಅಂದವನೇ ಪಂಪಣ್ಣ ಗೋಡೆಯ ಸ್ವಿಚ್ ಆರಿಸಿಬಿಟ್ಟ. ಹೆಸರುಗಳ ಫೈಲು ಇನ್ನೂ ತೆರೆದೇ ಇತ್ತು, ನಾನು ಬರೆಯುತ್ತಿದ್ದೆ. ಬಾಯಿಗಿಟ್ಟ ತುತ್ತು ಕಸಿದ ಹಾಗಾಯಿತು. ಅಷ್ಟಕ್ಕೇ ಬಿಟ್ಟನೇ? ಅದೇ ಫೈಲಿನ ಪ್ರತಿ ಇದ್ದ ಪೆನ್ ಡ್ರೈವನ್ನೂ ಡ್ರಾಯರಿನಿಂದ ತೆಗೆದು, "ನೀನೂ ಬಾರಪ್ಪ" ಅಂತ ತಟ್ಟೆಯಲ್ಲಿಟ್ಟು, ಅದರ ಬಾಯಿಗೇ ಗಂಧ ಮೆತ್ತಿದ. ಅದು ಮತ್ತೆ ಕಣ್ಣು ಬಿಡಲಿಲ್ಲ.

ಹಬ್ಬ ಮುಗಿದ ಮೇಲೆ ಫೈಲು ತೆರೆಯಲಿಲ್ಲ. ಪಂಪಣ್ಣ ರಿಪೇರಿ ಗುಂಡಿ ಒತ್ತಿದ. ಒಂದಲ್ಲ, ಆರು ಸಲ! ಒಂದೊಂದು ಸಲಕ್ಕೂ ಸರಿ ಇದ್ದ ಸಾಲುಗಳೂ ಅಳಿಸುತ್ತಾ ಹೋದವು. ಏ ಪುಣ್ಯಾತ್ಮಾ, ಮೊದಲು ನನ್ನದೊಂದು ಪ್ರತಿ ತೆಗೆದುಕೋ, ಆಮೇಲೆ ಅದರ ಮೇಲೆ ನಿನ್ನ ಆಟ ಆಡು ಅಂತ ಕೂಗಬೇಕು ಅನಿಸಿತು. ನನಗೆ ಬರುವುದು ಕಟಕಟ ಅನ್ನುವ ಸದ್ದೊಂದೇ.

ಅದೇ ವಾರ ದುರುಗಮ್ಮ ಬಂದಳು. ತಾಯಿ ಸತ್ತಾಗ ಅವಳಿಗೆ ಹತ್ತು ವರ್ಷ. ಚಿಕ್ಕಮ್ಮ ಅವಳನ್ನು ಇಟ್ಟುಕೊಂಡು, ಆರು ವರ್ಷದ ತಮ್ಮ ಹುಲುಗಪ್ಪನನ್ನು ಇಲ್ಲಿಗೆ ಬಿಟ್ಟಿದ್ದಳು. ಆಮೇಲೆ ಇಪ್ಪತ್ತೇಳು ವರ್ಷ ಅಕ್ಕ ತಮ್ಮ ಮುಖ ನೋಡಿಲ್ಲ. ಈಗ ಮಾಘದಲ್ಲಿ ಮಗಳ ಮದುವೆ, ಸೋದರಮಾವ ಇರಬೇಕು. ವಿಳಾಸ ಕೊಡುವ ಹಾಗಿಲ್ಲ, ಪತ್ರ ಬರೆದು ಕೊಟ್ಟರೆ ನಾವೇ ಕಳಿಸುತ್ತೇವೆ ಅಂದರು ಮೇಲ್ವಿಚಾರಕಿ ಕಸ್ತೂರೆಮ್ಮ. ದುರುಗಮ್ಮ ಬರೆದು ಕೊಟ್ಟಳು. ಪತ್ರ ಮೇಜಿನ ಮೇಲೇ ಬಿತ್ತು. ತಿಂಗಳು ಕಳೆದು ಮತ್ತೆ ಬಂದಾಗಲೂ ಅವಳಿಗೆ ಅದು ಅಲ್ಲೇ ಕಂಡಿತು.

"ಇನ್ನೂ ಇಲ್ಲೇ ಐತೇನ್ರಿ?"

"ಸಿಸ್ಟಮ್ ಸರಿ ಇಲ್ಲಮ್ಮ, ಪೂಜೆ ಮಾಡಿದಾಗಿಂದ" ಅಂದ ಪಂಪಣ್ಣ.

"ನಿಮ್ ಸಿಸ್ಟಮ್ಮಿಗೆ ಗಂಧ ಹಚ್ಚಾಕ ಯಾರ್ ಹೇಳಿದ್ರು? ಅದೇನು ಮದುಮಗ್ಳೇನು?"

ಪಂಪಣ್ಣ ಪತ್ರವನ್ನು ಮೇಜಿನ ಇನ್ನೊಂದು ಬದಿಗೆ ಸರಿಸಿದ. ಮಾಘ ಬಂತು, ಹೋಯಿತು.

ಕೊನೆಗೆ ಕಸ್ತೂರೆಮ್ಮ ನನ್ನನ್ನು ರಿಪೇರಿ ಅಂಗಡಿಯ ನಾಜಿಯಾಳಿಗೆ ಕೊಟ್ಟರು. ಅವಳು ನನ್ನನ್ನು ಒಂದೇ ಒಂದು ಸಲ, ನಿಧಾನವಾಗಿ, ಪೂರ್ತಿ ಓದಿ ಪ್ರತಿ ತೆಗೆದು ಪಕ್ಕಕ್ಕಿಟ್ಟಳು. ಮುಂದಿನ ಕೆಲಸವೆಲ್ಲ ಪ್ರತಿಯ ಮೇಲೆ. ಈ ಬುದ್ಧಿ ಐದು ತಿಂಗಳ ಮೊದಲೇ ಯಾರಿಗಾದರೂ ಬರಬಾರದಿತ್ತೇ!

ಬಹಳ ಸಾಲುಗಳು ಬಂದವು. ಹಲವು ಸಾಲುಗಳಲ್ಲಿ ಹೆಸರು ಮಾತ್ರ ಹೋಗಿತ್ತು. ಹುಲುಗಪ್ಪ ಎಲ್ಲೂ ಸಿಗಲಿಲ್ಲ. ಕಸ್ತೂರೆಮ್ಮ ದುರುಗಮ್ಮನನ್ನು ಅಂಗಡಿಗೇ ಕರೆತಂದರು.

"ತಮ್ಮನ್ನ ಬಿಟ್ಟ ದಿನ ನೆನಪೈತೇನಕ್ಕಾ?" ಅಂದಳು ನಾಜಿಯಾ.

"ಮರಿಯಾದು ಹೆಂಗವ್ವಾ? ಕಾರಹುಣ್ಣಿಮಿ ದಿನ. ಬೀದ್ಯಾಗ ಎತ್ತು ಓಡಿಸ್ತಿದ್ರು. ಅವ ಎತ್ತು ನೋಡ್ಕಂತ ನಿಂತಾಗ ನನ್ನ ಎಳ್ಕೊಂಡು ಹೋದ್ರು."

ಆ ವರ್ಷದ ಕಾರಹುಣ್ಣಿಮೆಯ ತಾರೀಕು ಹುಡುಕಿದರು. ಅವತ್ತು ಸೇರಿದ್ದು ಒಬ್ಬನೇ ಹುಡುಗ, ವಯಸ್ಸು ಆರು. ಹೆಸರಿನ ಜಾಗ ಖಾಲಿ. ವಿಳಾಸ ಪೂರ್ತಿ ಇತ್ತು.

ನಾನೀಗ ತಿರುಗುವುದಿಲ್ಲ. ಆಶ್ರಮದ ಕಪಾಟಿನಲ್ಲಿ ಸುಮ್ಮನೆ ಬಿದ್ದಿದ್ದೇನೆ. ಹೆಸರುಗಳೆಲ್ಲ ಈಗ ಒಂದು ಹೊಸ ಡಿಸ್ಕಿನಲ್ಲಿವೆ; ಅದರ ಒಂದು ಪ್ರತಿ ಕಸ್ತೂರೆಮ್ಮನವರ ಮನೆಯಲ್ಲಿದೆ, ಇನ್ನೊಂದು ನಾಜಿಯಾಳ ಹತ್ತಿರ. ಪ್ರತಿ ತಿಂಗಳೂ ಪಂಪಣ್ಣ ಅವನ್ನು ತೆರೆದು ನೋಡಬೇಕು. ಇಷ್ಟು ಜನರ ನೆನಪನ್ನು ನನ್ನೊಬ್ಬನ ಮೇಲೆ ಹೊರಿಸಿ ಕೈಮುಗಿದರೆ ಸಾಕಿತ್ತೇ? ಅದೊಂದು ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ವಿಳಾಸ ಸಿಕ್ಕ ದಿನ, ಆಶ್ರಮಕ್ಕೆ ಮರಳಿ ಕಸ್ತೂರೆಮ್ಮ ಕವರಿನ ಮೇಲೆ ವಿಳಾಸ ಬರೆಯಲು ಕೂತಾಗ ದುರುಗಮ್ಮ ತಡೆದಳು. ಪತ್ರ ತೆಗೆದು, ಮದುವೆಗೆ ಬಾ ಅಂತಿದ್ದ ಸಾಲು ಹೊಡೆದುಹಾಕಿ, ಅದರ ಕೆಳಗೆ ಒಂದೊಂದೇ ಅಕ್ಷರ ಬರೆದಳು: "ಮದುವಿ ಆತು. ಮಾವನ ಜಾಗ ಖಾಲಿ ಬಿಟ್ಟಿದ್ವಿ. ಯಾವಾಗಾರ ಬಾ."

ಪಂಪಣ್ಣ ಗೋಂದು ಹಚ್ಚಿದ. ಯಾರ ಮುಖವನ್ನೂ ನೋಡದೆ, ಕವರು ಹಿಡಿದು ಅಂಚೆ ಕಚೇರಿಗೆ ಓಡಿದ.