ಗೆರೆಯ ತುದಿಯ ಕುಂಕುಮ

ಅಡುಗೆಮನೆ ಗೋಡೆಯ ಮಾಡದೊಳಗಿನ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ ಒದ್ದೆ ಅರಿವೆಯಿಂದ ಒರೆಸುತ್ತಿದ್ದೆ. ಯುಗಾದಿಗೆ ಇನ್ನು ಎಂಟೇ ದಿನ. ಬೇಳೆ ಡಬ್ಬಿ ಆಯಿತು, ಶೇಂಗಾ ಡಬ್ಬಿ ಆಯಿತು, ಅದರ ಹಿಂದೆ ನನ್ನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಲ್ಯಾಪ್‌ಟಾಪು ಕೈಗೆ ಬಂತು.

ನನ್ನ ಮಗ ಹುಚ್ಚೀರಪ್ಪ ಮದುವೆ ಮೆರವಣಿಗೆಗಳಿಗೆ ಡಿಜೆ ಗಾಡಿ ಬಿಡುವವನು. ನಾಲ್ಕು ವರ್ಷ ಅವನ ಗಾಡಿಯ ಹಾಡುಗಳೆಲ್ಲ ಈ ಲ್ಯಾಪ್‌ಟಾಪಿನೊಳಗಿಂದಲೇ ಹೊರಟವು. ಕೊರ್ಲಹಳ್ಳಿಯ ಮದುವೆಯಲ್ಲಿ ನಾಲ್ಕು ಮಂದಿಯ ಮುಂದೆ ಮುಖ ಸಣ್ಣದಾದ ಮೇಲೆ ಅವನು ಅದನ್ನು ಮುಚ್ಚಿ, ಸುತ್ತಿ, ಡಬ್ಬಿಗಳ ಹಿಂದೆ ತಳ್ಳಿಬಿಟ್ಟಿದ್ದ. ಈಗ ಮೊಮ್ಮಗಳು ನೇತ್ರಾಗೆ ಕಾಲೇಜಿನ ಕೆಲಸಕ್ಕೆ ಒಂದು ಬೇಕಾಗಿತ್ತು. ಅದು ನನ್ನ ಕೈಯಲ್ಲಿರುವುದನ್ನು ಕಂಡದ್ದೇ ಕಸಿದುಕೊಂಡು ಹೋಗಿ ವೈರು ಚುಚ್ಚಿದಳು. ನಾಲ್ಕು ತಿಂಗಳಿಂದ ಮಲಗಿದ್ದ ಯಂತ್ರ ಎದ್ದಿತು. ಹಾಡು ಹಾಕುವ ಆ ಸಾಫ್ಟ್‌ವೇರು ಇನ್ನೂ ಅದರಲ್ಲಿತ್ತು. ನಡೆಯುತ್ತದೋ ಇಲ್ಲವೋ ನೋಡೋಣ ಎಂದು ಅವಳು ಒಂದು ಹಾಡು ಹಚ್ಚಿ ಸದ್ದು ಏರಿಸಿದಳು.

ಆ ಪರದೆ ನನಗೆ ಹೊಸದಲ್ಲ. ಅದನ್ನು ಓದಲು ಕಲಿಸಿದವನು ಮೊಹಸಿನ. ಲಕ್ಷ್ಮೇಶ್ವರದ ಮೋತಿಬಿಯ ಮಗ, ನಮ್ಮ ಗಾಡಿಯ ಮೇಲೆ ನಿಂತು ಹಾಡು ನಡೆಸುತ್ತಿದ್ದವನು. ನಾನು ಅಕ್ಷರ ಕಲಿತದ್ದೇ ಐವತ್ತೆರಡನೆಯ ವಯಸ್ಸಿನಲ್ಲಿ, ರಾತ್ರಿ ಶಾಲೆಗೆ ಹೋಗಿ. ಅದನ್ನು ಕೇಳಿದ ಮೇಲೆ ಅವನು, ಇದು ಅಕ್ಷರಕ್ಕಿಂತ ಸರಳ ಐತಿ ಬರ್ರಿ ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಪರದೆಯ ಮೇಲ್ತುದಿಯಲ್ಲಿ ಎರಡು ನಿಲುವುಗೆರೆಗಳು. ಸದ್ದು ಎಷ್ಟಿದೆಯೋ ಗೆರೆ ಅಷ್ಟೆತ್ತರ. ಹಸಿರಿದ್ದರೆ ಒಲೆಯ ಮೇಲಿನ ಹಾಲು ಬಿಸಿಯಾಗುತ್ತಿದೆ ಎಂದು ತಿಳಿಯಬೇಕು. ಹಳದಿಗೆ ಬಂದರೆ ಹಾಲು ಅಂಚಿಗೆ ಬಂತು, ಕೈ ಗುಂಡಿಯ ಮೇಲಿರಬೇಕು. ಎಲ್ಲಕ್ಕಿಂತ ಮೇಲೆ ಸಾಸಿವೆಯಷ್ಟು ಕೆಂಪು ದೀಪವಿದೆ. ಅದು ಹೊತ್ತಿತೆಂದರೆ ಉಕ್ಕಿತು. ಆಗ ಸದ್ದಿನ ತಲೆ ಕತ್ತರಿಸಿಹೋಗಿ, ಹರಿದ ಸದ್ದು ಸ್ಪೀಕರಿಗೆ ಹೋಗುತ್ತದೆ. ಅದು ಹಾಗೇ ನಡೆದರೆ ಸ್ಪೀಕರ್ ಡಬ್ಬಿಗಳ ಮೇಲೆ ಕೂತ, ಚೂಪು ಸದ್ದು ಹೊರಡಿಸುವ ಹಾರ್ನುಗಳೊಳಗಿನ ಸಣ್ಣ ತಂತಿ ಸುಟ್ಟುಹೋಗುತ್ತದೆ.

ಸದ್ದು ಹರಿದದ್ದು ಕಿವಿಗೇ ತಿಳಿಯುವುದಿಲ್ಲವೇನಪ್ಪ ಎಂದು ಕೇಳಿದ್ದೆ.

"ಗಾಡಿ ಮ್ಯಾಲೆ ನಿಂತವ ಕಿವಿ ಮಾತು ಕೇಳಬಾರ್ದ್ರಿ ಅಜ್ಜಿ. ಬಾಜೂಕ ಜನರೇಟರ್, ಮುಂದ ಸ್ಪೀಕರ್ ಡಬ್ಬಿ, ತಾಸಿನಾಗ ಕಿವಿ ಮಂದ ಆಗಿ ಸುಳ್ಳು ಹೇಳಾಕ ಹತ್ತತಾವು. ಈ ಗೆರಿ ಸುಳ್ಳು ಹೇಳಂಗಿಲ್ಲ."

ಅಂಥ ಎಚ್ಚರದ ಹುಡುಗನ ಕೈಯಲ್ಲೇ ತುಳಸಿ ಲಗ್ನದ ನಂತರದ ಮೊದಲ ಮದುವೆಯಲ್ಲಿ ಅನಾಹುತವಾಯಿತು. ಕೊರ್ಲಹಳ್ಳಿಯಲ್ಲಿ ಹಾಡಹಗಲು ಹನ್ನೊಂದು ಗಂಟೆಗೆ, ಮೆರವಣಿಗೆ ಇನ್ನೂ ಅರ್ಧ ಓಣಿ ದಾಟಿಲ್ಲ, ಹಾರ್ನುಗಳು ಒಂದರ ಹಿಂದೊಂದು ಕಿರುಚಿ ಸುಟ್ಟುಹೋದವು. ಮದುಮಕ್ಕಳು ಬರೇ ಚಪ್ಪಲಿ ಸದ್ದಿನಲ್ಲಿ ಹಂದರಕ್ಕೆ ಬಂದರು. ಆ ಮದುವೆಯ ಬೀಗರು ಮುಖ ತಿರುಗಿಸಿದರು, ಊಟಕ್ಕೆ ಏಳಿರಿ ಎಂದೂ ನಮ್ಮ ಗಾಡಿಯವರಿಗೆ ಅನ್ನಲಿಲ್ಲ. ಹುಚ್ಚೀರಪ್ಪ ಎಲ್ಲರೆದುರು ಮೊಹಸಿನನನ್ನು ಗಾಡಿಯಿಂದ ಕೆಳಗಿಳಿಸಿ, "ಕೆಂಪು ಕಾಣಲಿಲ್ಲೇನಲೇ ನಿನಗ?" ಎಂದು ಕೇಳಿದನಂತೆ. ಹುಡುಗ ತಲೆ ತಗ್ಗಿಸಿದನೇ ಹೊರತು ಬಾಯಿ ಬಿಡಲಿಲ್ಲ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ಎಲ್ಲ ಕಡೆ ಸುದ್ದಿ ಹಬ್ಬಿತು. ಆಮೇಲೆ ಯಾವ ಗಾಡಿಯವರೂ ಅವನನ್ನು ಕರೆಯಲಿಲ್ಲ.

ಇದನ್ನೆಲ್ಲ ನೆನೆಯುತ್ತ ಪರದೆ ನೋಡುತ್ತಿದ್ದೆ. ಗೆರೆಗಳು ಹಸಿರು ದಾಟಿದವು, ಹಳದಿಗೆ ಬಂದವು. ಅದರ ಮೇಲೆ ಬೆರಳಿನ ತುದಿಯಷ್ಟಗಲ ಕೆಂಪು ಕಲೆಯೊಂದಿತ್ತು. ಅದು ಆ ಮದುವೆಯ ದಿನ ನಾನೇ ಹಚ್ಚಿದ ಕುಂಕುಮ. ಪ್ರತಿ ವರ್ಷ ಮೊದಲ ಮದುವೆಗೆ ಗಾಡಿ ಹೊರಡುವಾಗ ಗಾಲಿಗೆ, ಜನರೇಟರಿಗೆ, ಸ್ಪೀಕರ್ ಡಬ್ಬಿಗಳಿಗೆ ಪೂಜೆ ಮಾಡಿ, ಎಣ್ಣೆಯಲ್ಲಿ ಕಲಸಿದ ಕುಂಕುಮ ಇಡುವುದು ನನ್ನ ಕೆಲಸ. ಲ್ಯಾಪ್‌ಟಾಪಿಗೆ ಯಾವಾಗಲೂ ಮುಚ್ಚಳದ ಮೇಲೆ ಇಡುತ್ತಿದ್ದೆ. ಆ ಬೆಳಿಗ್ಗೆ ಮೊಹಸಿನ ಹಾಡು ಆರಿಸುತ್ತ ಅದನ್ನು ತೆರೆದಿಟ್ಟಿದ್ದ. ನಾನು ಗಾಜಿನ ಮೇಲೇ ಒತ್ತಿದ್ದೆ.

ನೇತ್ರಾ ಒರೆಸು ಎಂದಳು. ಅರಿವೆ ಇಟ್ಟು ತಿಕ್ಕಿದೆ. ಕುಂಕುಮ ಅರಿವೆಗೆ ಬಂತು. ಆದರೆ ಗಾಜಿನ ಮೇಲಿನ ಕೆಂಪು ಹೋಗಲಿಲ್ಲ. ಮತ್ತೊಮ್ಮೆ ಒತ್ತಿ ತಿಕ್ಕಿದೆ. ಹೋಗಲಿಲ್ಲ.

"ಅದು ಕುಂಕುಮ ಅಲ್ಲಜ್ಜಿ," ಎಂದಳು ನೇತ್ರಾ. "ಅದು ಲೈಟ್. ಹೊತ್ತೈತಿ ನೋಡು."

ನನ್ನ ಕೈ ಅಲ್ಲೇ ನಿಂತಿತು. ಅವಳು ಸದ್ದು ಇಳಿಸಿದಳು, ಕೆಂಪು ಆರಿತು. ಏರಿಸಿದಳು, ಹೊತ್ತಿತು. ನನ್ನ ಬೆರಳಿಟ್ಟು ನೋಡಿದೆ. ದೀಪ ಬೆರಳಿನ ಕೆಳಗೆ ಪೂರಾ ಮುಚ್ಚಿಹೋಯಿತು, ಹಳದಿ ಮಾತ್ರ ಕಾಣುತ್ತಿತ್ತು. ಕೊರ್ಲಹಳ್ಳಿಯ ಅಷ್ಟೂ ಹೊತ್ತು ಅದು ನನ್ನ ಕುಂಕುಮದ ಕೆಳಗೆ ಹೊತ್ತಿಕೊಂಡೇ ಇತ್ತು. ಮದುಮಗನ ಗೆಳೆಯರು ಏರಿಸು, ಇನ್ನಷ್ಟು ಏರಿಸು ಎಂದು ಕೂಗುತ್ತಿದ್ದರೆ, ಆ ಹುಡುಗ ಹಳದಿ ನೋಡಿಕೊಂಡು ಏರಿಸಿದ್ದಾನೆ. ಸುಳ್ಳು ಹೇಳುವುದಿಲ್ಲ ಎಂದು ಅವನು ನಂಬಿದ ಗೆರೆಯ ಬಾಯಿ ಮುಚ್ಚಿದವಳು ನಾನು. ಡಬ್ಬಿಗಳ ನಡುವೆಯೇ ಕುಳಿತೆ.

ನೇತ್ರಾ ಹಾಡು ನಿಲ್ಲಿಸಿದಳು. ಆಮೇಲೆ ಅವಳು ಹೇಳಿದ ಮಾತು ಮೊದಲಿನದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿತು. ಆ ಬೆಳಿಗ್ಗೆ ನಾನು ಆರತಿ ತಟ್ಟೆ ಹಿಡಿದು ಒಳಗೆ ಹೋದ ಮೇಲೆ, ಗಾಜಿನ ಮೇಲಿನದನ್ನು ಒರೆಸಿಕೋ ಎಂದು ಇವಳೇ ಅವನಿಗೆ ಹೇಳಿದ್ದಳಂತೆ.

"ಏನಂದ ಅಂವಾ?"

"ಬ್ಯಾಡ ತಂಗಿ, ಅಜ್ಜಿ ಕೈಯಾರೆ ಇಟ್ಟಾರ, ನಾ ಒರಸಿದ್ರ ಚೊಲೋ ಅನಸಂಗಿಲ್ಲ ಅಂದ. ಹಳದಿ ಮ್ಯಾಲೆ ಕಣ್ಣಿಟ್ರ ಸಾಕು ಅಂದ. ನಾನೂ ಮರತ ಬಿಟ್ಟಿದ್ದೆ ಅಜ್ಜಿ."

ಅಂದರೆ ಅವನಿಗೆ ಗೊತ್ತಿತ್ತು. ಹಾರ್ನು ಸುಟ್ಟ ಗಳಿಗೆಯಲ್ಲೇ ಯಾಕೆ ಸುಟ್ಟಿತೆಂದು ಗೊತ್ತಿತ್ತು. ಕೆಂಪು ಕಾಣಲಿಲ್ಲವೇ ಎಂದು ನನ್ನ ಮಗ ಕೇಳಿದಾಗ, ನಿಮ್ಮವ್ವನ ಕುಂಕುಮ ಅಡ್ಡ ಇತ್ತು ಎಂಬ ಉತ್ತರ ಅವನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿ ಗಾಡಿ ಇಳಿದಿದ್ದ.

ಪುಷ್ಯ ಮಾಸದಲ್ಲಿ ಅವನು ಒಮ್ಮೆ ಮನೆಗೆ ಬಂದಿದ್ದ. ಗದಗಿನಲ್ಲಿ ಸೌಂಡ್ ಜೋಡಿಸಿಕೊಡುವ ಅಂಗಡಿಯೊಂದರಲ್ಲಿ ಕೆಲಸ ಖಾಲಿ ಇದೆ, ಹಿಂದಿನ ಮಾಲೀಕರ ಕಾಗದ ತಂದರೆ ತೆಗೆದುಕೊಳ್ಳುತ್ತಾರೆ ಎಂದ. ನಮ್ಮ ಮನೆಯ ಕಾಗದ ಪತ್ರವೆಲ್ಲ ಬರೆಯುವವಳು ನಾನೇ. ನಾಲ್ಕು ವರ್ಷ ನಂಬಿಕೆಯಿಂದ ದುಡಿದಿದ್ದಾನೆ ಎಂದು ದುಂಡಗೆ ಬರೆದಿಟ್ಟೆ. ಹುಚ್ಚೀರಪ್ಪ ಸಹಿ ಮಾಡೋಣ ನೋಡೋಣ ಎನ್ನುತ್ತ ದಿನ ತಳ್ಳಿದ. ನಾನೂ ಜೋರು ಮಾಡಲಿಲ್ಲ. ಹುಡುಗ ಅಂದು ಮೈಮರೆತ ಎಂದು ನನ್ನ ಮನಸ್ಸಿನ ಮೂಲೆಯಲ್ಲೂ ಇತ್ತು. ಕಾಗದ ರೇಷನ್ ಕಾರ್ಡಿನ ಡಬ್ಬಿಯಲ್ಲೇ ಉಳಿಯಿತು.

ನೇತ್ರಾಗೆ ಹೇಳಿ ಮೋತಿಬಿಗೆ ಫೋನು ಹಚ್ಚಿಸಿದೆ. ಮೊಹಸಿನ ಗದಗಿನ ಮಾರ್ಕೆಟ್ಟಿನಲ್ಲಿ ಚೀಲ ಹೊರುತ್ತಿದ್ದಾನಂತೆ, ವಾರಕ್ಕೊಮ್ಮೆ ಊರಿಗೆ ಬರುತ್ತಾನಂತೆ. ಅಂಗಡಿಯವರು ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ, ಆದರೆ ಯುಗಾದಿ ಆಚೆ ಕಾಯುವುದಿಲ್ಲ ಎಂದಿದ್ದಾರಂತೆ. ಇಷ್ಟು ಹೇಳಿ ಆಕೆ ನನ್ನ ಮೊಣಕಾಲು ನೋವು ಹೇಗಿದೆ ಎಂದು ಕೇಳಿದಳು. ನನ್ನ ಬಾಯಿಂದ ಕುಂಕುಮದ ಮಾತು ಹೊರಡಲಿಲ್ಲ. ಕಡಿಮೆಯಾಗಿದೆ ಎಂದು ಸುಳ್ಳು ಹೇಳಿ ಫೋನು ಇಟ್ಟೆ.

ಹುಚ್ಚೀರಪ್ಪ ಮಧ್ಯಾಹ್ನ ಊಟಕ್ಕೆ ಬಂದ. ತಾಟು ಇಡುವ ಮೊದಲು ಅವನೆದುರು ಲ್ಯಾಪ್‌ಟಾಪು ಇಟ್ಟೆ. ನೇತ್ರಾ ಹಾಡು ಹಚ್ಚಿದಳು. ನಾನು ಬೆರಳಿಟ್ಟೆ, ತೆಗೆದೆ. ಅವನು ಕೈ ತೊಳೆದು ಬಂದವನು ನೀರು ಒರೆಸಿಕೊಳ್ಳುವುದನ್ನೂ ಮರೆತು ನೋಡುತ್ತ ನಿಂತ. ಎರಡು ಸಲ ತಾನೇ ಸದ್ದು ಏರಿಸಿ ಇಳಿಸಿ ನೋಡಿದ. ಆಮೇಲೆ ಗೋಡೆಗೆ ಒರಗಿ ಕುಳಿತ.

"ಅಂವಾ ಯಾಕ ಹೇಳಲಿಲ್ಲ?" ಎಂದ.

"ನೀ ಕೇಳಿದ್ದು ಬೀಗರ ಮುಂದ. ಅಷ್ಟು ಮಂದ್ಯಾಗ ಅಂವಾ ನನ್ನ ಹೆಸರು ಹೇಳಬೇಕಾಗಿತ್ತೇನು?"

ಅವನು ಲ್ಯಾಪ್‌ಟಾಪು ಮುಚ್ಚಿದ. ನಾನು ರೇಷನ್ ಕಾರ್ಡಿನ ಡಬ್ಬಿಯಿಂದ ಕಾಗದ ತಂದು ಪೆನ್ನು ಕೊಟ್ಟೆ. ಸಹಿ ಮಾಡಿದ. ನಾನು ಪೆನ್ನು ವಾಪಸು ತೆಗೆದುಕೊಂಡು ಅವನ ಸಹಿಯ ಕೆಳಗೆ ಬರೆಯತೊಡಗಿದೆ. ಬಗ್ಗಿ ನೋಡಿದವನು ನನ್ನ ಕೈ ಹಿಡಿದ.

"ಕುಂಕುಮದ ಸುದ್ದಿ ಬ್ಯಾಡವ್ವಾ. ಮಂದಿ ನಗ್ತಾರ. ಸಹಿ ಮಾಡೇನಲ್ಲ, ಸಾಕಾತು."

"ಸಾಕಾಗಂಗಿಲ್ಲ. ಚೊಲೋ ಕೆಲಸ ಮಾಡ್ಯಾನ ಅಂತಷ್ಟ ಬರದ್ರ, ಕೊರ್ಲಹಳ್ಳಿ ಖಬರ ಕೇಳಿದ ಅಂಗಡಿಯವರು ನಂಬತಾರೇನು? ನಕ್ಕರ ನನ್ನ ನೋಡಿ ನಗ್ಲಿ. ಬಿಡು ಕೈ."

ಬಿಟ್ಟ. ನಾನು ಬರೆದೆ: ಕೊರ್ಲಹಳ್ಳಿಯಲ್ಲಿ ಹಾರ್ನು ಸುಟ್ಟದ್ದಕ್ಕೆ ಮೊಹಸಿನ ಕಾರಣನಲ್ಲ. ಪರದೆಯ ಮೇಲೆ ಕೆಂಪು ದೀಪ ಬರುವ ಜಾಗಕ್ಕೆ ನಾನು ಕುಂಕುಮ ಹಚ್ಚಿದ್ದೆ. ಅವನು ಮರ್ಯಾದೆಗಾಗಿ ಒರೆಸಲಿಲ್ಲ. ತಪ್ಪು ನನ್ನದು. ಕೆಳಗೆ ಸುಮಿತ್ರವ್ವ ಎಂದು ಪೂರ್ತಿ ಹೆಸರು ಬರೆದೆ. ಕೊನೆಯ ಒತ್ತಕ್ಷರ ಸೊಟ್ಟಗಾಯಿತು. ಹಾಗೇ ಬಿಟ್ಟೆ.

ಅವನು ಊಟ ಮಾಡದೆ ಎದ್ದು ಮೋಟರ್ ಸೈಕಲ್ ಹೊರಗೆ ತೆಗೆದ. ಎಲ್ಲಿಗೆ ಎಂದು ಕೇಳಿದೆ. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಹಿಂದೆ ಹತ್ತಿ ಕೂರು ಎಂದ.

ಅಂಚೆ ಕಚೇರಿಯ ಅನ್ನಪೂರ್ಣ ಬಾಗಿಲು ಎಳೆಯುವುದರಲ್ಲಿದ್ದಳು, ನನ್ನನ್ನು ಕಂಡು ಮತ್ತೆ ತೆರೆದಳು. ಗದಗಿನ ಅಂಗಡಿಗೊಂದು, ಲಕ್ಷ್ಮೇಶ್ವರದ ಮೋತಿಬಿಯ ಮನೆಗೊಂದು ಕಳಿಸಬೇಕೆಂದೆ. ಕಾಗದ ಒಂದೇ ಇದೆಯಲ್ಲ ಎಂದಳು ಅವಳು. ಹುಚ್ಚೀರಪ್ಪ ಎದುರಿನ ಅಂಗಡಿಗೆ ಓಡಿ ಝೆರಾಕ್ಸ್ ಮಾಡಿಸಿ ತಂದ. ಅಸಲು ಕಾಗದ ಯಾರಿಗೆ ಎಂದು ಕೇಳಿದ.

"ಮೊಹಸಿನಗ. ಅದು ಅಂವನ ಕೈಯಾಗ ಇರಬೇಕು," ಎಂದೆ.

ಅನ್ನಪೂರ್ಣ ಲಕೋಟೆ ಅಂಟಿಸಿ, ಎರಡರ ಮೇಲೂ ಠಸ್ಸೆ ಹೊಡೆದು ಚೀಲಕ್ಕೆ ಹಾಕಿದಳು. ಸಂಜೆಯ ಬಸ್ಸಿಗೆ ಹೋಗುತ್ತದೆ ಎಂದಳು. ನಾನು ಕಟ್ಟೆಯ ಮೇಲೆ ಕುಳಿತು, ಆ ಚೀಲ ಬಸ್ಸು ಹತ್ತುವವರೆಗೂ ನೋಡಿದೆ.