ಬಿಸ್ಕತ್ತು ಡಬ್ಬದ ಹಾಳೆ

ಮೇಡಂ ಬಿಸ್ಕತ್ತು ಡಬ್ಬದ ಮುಚ್ಚಳಕ್ಕೆ ಉಗುರು ಹಾಕಿದ್ದೇ ತಡ, ವಾಷರ್ ಬೆಂಚಿನ ಅಂಚಿಗೆ ಸರಿದು ಡಬ್ಬವನ್ನೇ ನೋಡತೊಡಗಿದ. ಆ ಡಬ್ಬದಲ್ಲಿ ನಿಜವಾಗಿ ಬಿಸ್ಕತ್ತು ಇದ್ದ ಕಾಲದಲ್ಲೂ ಯಾರೂ ಅದನ್ನು ಅಷ್ಟು ಭಯಭಕ್ತಿಯಿಂದ ನೋಡಿರಲಾರರು.

ವಾಷರ್ ಕೊಳಾಯಿ ರಿಪೇರಿಯವನು. ನಲ್ಲಿ ಸೋರಲಿ, ಫ್ಲಶ್ ಕೆಡಲಿ, ಕರೆಸಿದವರ ಮನೆಯಲ್ಲಿ ಗಂಡಹೆಂಡಿರು ಜಗಳವಾಡುತ್ತಿರಲಿ, "ವಾಷರ್ ಹೋಗಿದೆ ಬಿಡಿ" ಎನ್ನುವುದು ಅವನ ವಾಡಿಕೆ. ಹೆಸರು ಹಾಗೇ ಅಂಟಿಕೊಂಡಿತು. ಐವತ್ತರ ಹೊಸ್ತಿಲಲ್ಲಿ ಅವನು ಲೈಬ್ರರಿ ಮಹಡಿಯ ಮಧ್ಯಾಹ್ನದ ಅಕ್ಷರ ತರಗತಿಗೆ ಸೇರಿದ್ದು ಜ್ಞಾನದಾಹದಿಂದಲ್ಲ. ಅವನು ದುಡಿಯುವ ದೊಡ್ಡ ವಸತಿ ಕಟ್ಟಡದಲ್ಲಿ ಮೇಸ್ತ್ರಿಯ ಜಾಗ ಖಾಲಿಯಾಗುವುದರಲ್ಲಿತ್ತು. ಅದು ಸಿಗಬೇಕಾದರೆ, ದೂರಿನ ಪುಸ್ತಕ ಓದಲು ಬರೆಯಲು ಬರುತ್ತದೆಂದು ತರಗತಿಯ ಮೇಡಂ ಸಹಿ ಹಾಕಿದ ಪತ್ರ ಬೇಕಾಗಿತ್ತು.

ಸೇರಿದ ದಿನವೇ ಮೇಡಂ ಹೇಳಿದ್ದರು: "ನಿಮ್ಮ ಬಗ್ಗೆ ಮನೇಲಿ ಕೂತು ಒಂದು ಪುಟ ಬರ್ಕೊಂಡು ಬನ್ನಿ. ಗೀಚಿದ್ರೂ ಸರಿ, ಬರೀ ಸೊನ್ನೆ ಸುತ್ತಿದ್ರೂ ಸರಿ. ನಾನು ಓದಲ್ಲ, ಈ ಡಬ್ಬದಲ್ಲಿಡ್ತೀನಿ. ವರ್ಷ ಆದ್ಮೇಲೆ ಹೊಸದೊಂದು ಪುಟ ಬರ್ದು, ಹಳೇದು ಹೊಸದು ಎರಡನ್ನೂ ಎಲ್ಲರ ಮುಂದೆ ನೀವೇ ಓದ್ಬೇಕು."

ಸೊನ್ನೆ ಸುತ್ತಲು ವಾಷರ್‌ಗೆ ಮಾನ ಅಡ್ಡ ಬಂತು. ಹತ್ತನೇ ತರಗತಿಯವರೆಗೆ ಓದಿದ್ದ ಹೆಂಡತಿಯ ಮುಂದೆ ಹಾಳೆ ಇಟ್ಟು, "ಕೊಳಾಯಿ ಕೆಲಸದೋನು, ಒಳ್ಳೆ ಮನುಷ್ಯ, ಓದೋಕೆ ಆಸೆ ಅಂತ ಬರಿಯೇ, ಸಾಕು" ಎಂದ. ಅವಳು ಪುಟ ತುಂಬಿಸಿ, ಮಗುಚಿ, ಹಿಂಬದಿಯಲ್ಲೂ ಅರ್ಧ ತುಂಬಿಸಿದಳು.

"ಇಷ್ಟೊಂದು ಯಾಕೇ?"

"ಒಳ್ಳೆ ಮನುಷ್ಯ ಅಂದ್ರಲ್ಲ, ನಂಬಿಸೋಕೆ ಜಾಗ ಬೇಡ್ವೇನ್ರೀ?"

"ಓದಿ ಹೇಳು ಮತ್ತೆ."

"ವರ್ಷ ಆದ್ಮೇಲೆ ನೀವೇ ಓದ್ಕೊಳ್ಳಿ."

ಈಗ ವರ್ಷವಾಗಿತ್ತು. ಮೊದಲ ದಿನ ಮುತ್ತು ಪೋಣಿಸಿದಂಥ ಒಂದೂವರೆ ಪುಟ. ವರ್ಷವಿಡೀ ಕಲಿತ ಮೇಲೆ ಕಪ್ಪೆ ಕುಪ್ಪಳಿಸಿದಂಥ ಒಂಬತ್ತು ಸಾಲು. ಓದಿ ಓದಿ ಮರುಳಾದವರು ಬೇಕಾದಷ್ಟಿದ್ದಾರೆ. ಓದಿ ಓದಿ ಹಿಂದಕ್ಕೆ ಹೋದವನು ಭೂಮಿಯ ಮೇಲೆ ತಾನೊಬ್ಬನೇ ಎಂದು ವಾಷರ್‌ಗೆ ಖಾತ್ರಿಯಾಗಿತ್ತು. ಡಬ್ಬವಿದ್ದ ಬೀರು ಕೈತೊಳೆಯುವ ನಲ್ಲಿಯ ಪಕ್ಕದಲ್ಲೇ ಇದ್ದುದರಿಂದ, ಹಾಳೆ ಹಾರಿಸಲು ಆ ವಾರ ಮೂರು ಸಲ ನಲ್ಲಿ ರಿಪೇರಿಯ ನೆಪ ಮಾಡಿದ್ದ. ಬೀರುವಿನ ಬೀಗ ಜಗ್ಗಲಿಲ್ಲ. ಸುಮ್ಮನಿದ್ದ ನಲ್ಲಿ ಮಾತ್ರ ಮೂರು ಸಲ ಬಿಚ್ಚಿಸಿಕೊಂಡ ಸಿಟ್ಟಿಗೆ ನಿಜವಾಗಿಯೇ ಸೋರತೊಡಗಿತು. ಮೇಡಂ ಕೆಳಗೊಂದು ಬಕೆಟ್ ಇಟ್ಟಿದ್ದರು.

ಮೊದಲು ಟೈಲರಮ್ಮ ಎದ್ದಳು. ಅವಳ ಹಳೆಯ ಹಾಳೆಯಲ್ಲಿದ್ದದ್ದು ಒಂದೇ ಸಾಲು: "ನಾನು ಬಟ್ಟೆ ಹೊಲಿ." ಪೂರ್ತಿ ಮಾಡುವಷ್ಟರಲ್ಲಿ ಅಂದು ಕೈ ಸೋತಿತ್ತಂತೆ. ಹೊಸದು ಎರಡು ಪುಟ. ಬಟ್ಟೆ ಸುತ್ತಿ ತಂದ ಹಳೇ ಪೇಪರನ್ನು ಓದಿ ಮುಗಿಸದೆ ಕತ್ತರಿ ಹಿಡಿಯಲಾಗುತ್ತಿಲ್ಲ, ಗಿರಾಕಿಗಳು ಬೈಯುತ್ತಿದ್ದಾರೆ, ಇದಕ್ಕೆಲ್ಲ ಮೇಡಂ ಅವರೇ ಹೊಣೆ ಎಂದು ಓದಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಏಳಿ ವಾಷರಣ್ಣ, ಅದೇನ್ ಹೆರಿಗೆ ನೋವು ಬಂದೋರ ಥರ ಕೂತಿದ್ದೀರಿ?" ಎಂದಳು ಕೂರುತ್ತ.

ವಾಷರ್ ಎದ್ದ. "ಮೇಡಂ, ಹೊಸದು ಬಿಸಿಯಾಗಿದೆ. ಮೊದ್ಲು ಇದನ್ನೇ ಓದ್ಬಿಡ್ತೀನಿ."

ಓದಿದ: "ಮೊದಲು ಬೋರ್ಡು ಕೂಡ ನನಗೆ ಗೋಡೆಯೇ. ಈಗ ಓದಲು ಬರುತ್ತದೆ. ಬಸ್ ಸ್ಟಾಪಿನ ಹಿಂದಿನ ಗೋಡೆಗೆ ಇಪ್ಪತ್ತು ವರ್ಷ ಒರಗಿ ನಿಂತೆ. ಅಲ್ಲಿ ಒರಗಬೇಡಿ ಎಂದು ಬರೆದಿದೆ. ಈಗಲೂ ಒರಗುತ್ತೇನೆ. ಆದರೆ ತಿಳಿದು ಒರಗುತ್ತೇನೆ. ಬರೆಯುವುದು ಕಷ್ಟ. ಪೈಪಿನ ತುಂಬ ನೀರಿದೆ, ನಲ್ಲಿಯಲ್ಲಿ ಬರುವುದಿಲ್ಲ. ಒಂದೊಂದು ದಿನ ಹನಿ ಬರುತ್ತದೆ."

ನಗು ನಿಲ್ಲುವ ಹೊತ್ತಿಗೆ ಮೇಡಂ ಹಳೆಯ ಹಾಳೆಯನ್ನು ಅವನ ಕೈಗಿಟ್ಟಿದ್ದರು. ಬಿಡಿಸಿದ. ವರ್ಷದ ಹಿಂದೆ ಇರುವೆಯ ಸಾಲಿನಂತೆ ಕಂಡದ್ದು ಈಗ ಒಂದೊಂದೇ ಮಾತಾಗಿ ಎದ್ದು ನಿಂತಿತು.

"ನಾನು ಕೊಳಾಯಿ ಕೆಲಸದವನು. ಒಳ್ಳೆಯ ಮನುಷ್ಯ. ಊರಿನ ನಲ್ಲಿಗಳೆಲ್ಲ ನನ್ನ ಕೈ ತಾಗಿದರೆ ಬಾಯಿ ಮುಚ್ಚುತ್ತವೆ. ನನ್ನ ಮನೆಯ... ಅಡುಗೆಮನೆಯ ನಲ್ಲಿ ಮಾತ್ರ... ಮೂರು ವರ್ಷದಿಂದ ಸೋರುತ್ತಿದೆ."

ಟೈಲರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವಾಷರ್‌ನ ಕಿವಿ ಕೆಂಪಾಯಿತು. "ನನ್ನ ಹೆಂಡತಿ ಬಾಯಲ್ಲಿ ಹೇಳಿ ಹೇಳಿ ಸೋತಳು. ನಾಳೆ ಮಾಡ್ತೀನಿ ಎನ್ನುವುದು ನನ್ನ ಸುಪ್ರಭಾತ. ಅದಕ್ಕೇ ಈಗ ಬರೆದಿಡಲಾಗಿದೆ..."

ನಗು ಬೀದಿಗೆ ಕೇಳುವಷ್ಟಾಯಿತು. ಹಾಳೆ ಮಗುಚಿದ. ಮುಂದಿನ ಸಾಲನ್ನು ಕಣ್ಣು ಮೊದಲೇ ಹೋಗಿ ಮುಟ್ಟಿಬಂತು, ನಾಲಿಗೆ ನಿಂತಿತು. ಬಾಯಿಗಿಂತ ಕಣ್ಣು ಮುಂದೆ ಹೋಗುವುದು ಅವನಿಗೆ ಅದೇ ಮೊದಲು. ಆ ಸಾಲನ್ನು ಹಾರಿಸಬಹುದಿತ್ತು. ಹಾಳೆ ಅವನ ಕೈಯಲ್ಲೇ ಇದೆ, ಯಾರಿಗೆ ಗೊತ್ತಾಗುತ್ತದೆ? ಮೇಡಂ ಮುಂದೆ ಸಹಿಯಿಲ್ಲದ ಪತ್ರ ಪೆನ್ನಿನ ಕೆಳಗೆ ಬಿದ್ದಿತ್ತು. ಟಪ್, ಎಂದಿತು ಮೂಲೆಯ ಬಕೆಟ್.

"ಈ ಅಕ್ಷರ ಇವರದಲ್ಲ" ಎಂದು ಓದಿದ. ನಗು ನಿಂತಿತು. "ನಾನು ಇವರ ಹೆಂಡತಿ ಬರೆಯುತ್ತಿದ್ದೇನೆ. ಇವರಿಗೆ ಒಂದಕ್ಷರವೂ ಬರುವುದಿಲ್ಲ. ನಾಚಿಕೆಗೆ ಹೇಳುವುದಿಲ್ಲ. ಆದರೆ ಹಠಮಾರಿ, ಕಲಿತೇ ಕಲಿಯುತ್ತಾರೆ. ಮೇಡಂ, ಇಷ್ಟನ್ನು ಇವರೇ ನಿಮ್ಮ ಮುಂದೆ ಓದಿದ್ದರೆ, ಇನ್ನೇನೂ ಕೇಳದೆ ಪತ್ರ ಕೊಟ್ಟುಬಿಡಿ."

ಹಾಳೆ ಮಡಿಸಲು ಅವನಿಗೆ ಬಹಳ ಹೊತ್ತು ಬೇಕಾಯಿತು.

"ಮೊದಲನೇ ದಿನ ಪೆನ್ನನ್ನ ಸ್ಪ್ಯಾನರ್ ಹಿಡಿದ ಹಾಗೆ ಹಿಡ್ಕೊಂಡಿದ್ರಿ. ಅವತ್ತೇ ಗೊತ್ತಾಗಿತ್ತು ನಂಗೆ" ಎಂದರು ಮೇಡಂ, ಸಹಿ ಹಾಕುತ್ತ. "ಅದ್ಸರಿ, ಆ ನಲ್ಲಿ ಸರಿ ಮಾಡಿದ್ರಾ?"

"ಯಾವ್ದು ಮೇಡಂ? ಮನೇದಾ, ಇಲ್ಲೀದಾ?"

"ಎರಡೂ ಕಣ್ರೀ."

ಸಂಜೆ ಹೆಂಡತಿ ಅಂಗಡಿಯಿಂದ ಬಂದಾಗ ವಾಷರ್ ಪಡಸಾಲೆಯಲ್ಲಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದ. "ಏನಾಯ್ತ್ರೀ ಇವತ್ತು?" ಎಂದು ಕೇಳಿದಳು. ಪೇಪರು ಹೂಂ ಎಂದಿತು. ಅವಳು ಚೀಲ ಇಳಿಸಿ ಅಡುಗೆಮನೆಗೆ ಹೋಗಿ, ನಲ್ಲಿಯ ಕೆಳಗಿನ ಪಾತ್ರೆಯನ್ನು, ನೀರು ಚೆಲ್ಲಲೆಂದು, ನಾಲ್ಕು ವರ್ಷದ ಅಭ್ಯಾಸಬಲದಿಂದ ಎರಡೂ ಕೈ ಹಾಕಿ ಎತ್ತಿದಳು. ಪಾತ್ರೆ ಹಗುರವಾಗಿ ಭುಜದವರೆಗೆ ಹಾರಿತು. ತಳದಲ್ಲಿ, ಕಪ್ಪೆ ಕುಪ್ಪಳಿಸಿದಂಥ ಅಕ್ಷರದಲ್ಲಿ ಅವನು ಬರೆದು ಮಡಿಸಿಟ್ಟ ಹಾಳೆಯೊಂದು ಸರಬರ ಎಂದಿತು.

ವಾಷರ್ ಒಂದೇ ಸಾಲನ್ನು ನಾಲ್ಕನೇ ಸಲ ಓದುತ್ತ, ಒಳಗಿನಿಂದ ಏನಾದರೂ ಕೇಳೀತೆಂದು ಕಾದ. ನಲ್ಲಿಯ ಸದ್ದಿರಲಿಲ್ಲ. ಹಾಳೆ ಬಿಚ್ಚಿಕೊಳ್ಳುವ ಸದ್ದು ಮಾತ್ರ ಕೇಳಿಸಿತು.