ಸದ್ದಿಲ್ಲದ ಏಸಿ

“ನಿನ್ನೆ ರಾತ್ರಿ ನಮ್ಮನೇಲಿ ಒಂದು ಸೊಳ್ಳೆ ಚಳಿಗೆ ನಡುಗಿ ನಡುಗಿ ಸತ್ತೇಹೋಯ್ತು ಡಾಕ್ಟ್ರೇ. ನಾನೇ ಕಣ್ಣಾರೆ ನೋಡ್ದೆ,” ಎಂದ ಐಸ್‌ಮಾಮ.

ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಿದ್ದ ಡಾಕ್ಟರು ನಗಲಿಲ್ಲ. ಆ ವಾರ ಊರಿನಲ್ಲಿ ನಗುವಷ್ಟು ಪಸೆ ಯಾರ ಬಾಯಲ್ಲೂ ಉಳಿದಿರಲಿಲ್ಲ. ಬಿಸಿಲು ಊರನ್ನು ಹೆಂಚಿನ ಮೇಲಿಟ್ಟು ಎರಡೂ ಮಗ್ಗುಲು ಮಗುಚಿ ಬೇಯಿಸುತ್ತಿತ್ತು. ಟಾರು ಕರಗಿ ಪೋಸ್ಟ್‌ಮ್ಯಾನು ಚಪ್ಪಲಿಗಳನ್ನು ರಸ್ತೆಗೇ ಬಿಟ್ಟುಕೊಟ್ಟು ಬರಿಗಾಲಲ್ಲಿ ಓಡಿದನಂತೆ; ಕೋಳಿಗಳು ಬೇಯಿಸಿದ ಮೊಟ್ಟೆಯನ್ನೇ ಇಡುತ್ತಿದ್ದವಂತೆ. ಈ ಸುದ್ದಿಗಳೆಲ್ಲ ಹೊರಡುತ್ತಿದ್ದದ್ದು ಐಸ್‌ಮಾಮನ ಫ್ರಿಜ್ ರಿಪೇರಿ ಅಂಗಡಿಯಿಂದ. ಹಾಗಾಗಿ ಬೀದಿಯವರು ಅದರಲ್ಲಿ ಮುಕ್ಕಾಲು ಕಳೆದು ಉಳಿದದ್ದನ್ನು ನಂಬುತ್ತಿದ್ದರು.

“ಇವರಿಗೆ ಒಂದು ಸಲ ಬಿಸಿಲು ಬಡಿದಾಗಿದೆ,” ಎಂದರು ಡಾಕ್ಟರು, ಬೆಂಚಿನ ಮೇಲೆ ಮಗಳ ಹೆಗಲಿಗೊರಗಿದ್ದ ಮುದುಕಿಯ ಕಡೆ ನೋಡಿ. “ಇನ್ನೊಂದು ಸಲ ಮೈ ಹಾಗೆ ಕಾದರೆ ಈ ಜೀವ ತಡ್ಕೊಳ್ಳಲ್ಲ. ಎಲ್ಲಿ ತಂಪಾಗಿದೆಯೋ ಅಲ್ಲಿ ಮಲಗಿಸಿ.”

ಮುದುಕಿ ಐಸ್‌ಮಾಮನ ಅತ್ತೆ. ಅವಳ ಮಗ, ಬಸ್ ಕಂಡಕ್ಟರು, ಕೈಯಲ್ಲಿ ಔಷಧಿಯ ಚೀಲ ಹಿಡಿದು ನಿಂತಿದ್ದ. “ನಮ್ಮನೆಗೇ ಕರ್ಕೊಂಡು ಹೋಗ್ತೀನಿ ಭಾವ. ಹಳೇ ಮನೆ, ನೆಲಮಹಡೀಲಿದೆ, ಗೋಡೆ ದಪ್ಪ. ಒಂದು ಟೇಬಲ್ ಫ್ಯಾನೂ ಇದೆ.”

“ಫ್ಯಾನಾ?” ಐಸ್‌ಮಾಮನಿಗೆ ನಗು ಬಂತು. “ಅದು ಬಿಸಿಗಾಳಿಯನ್ನ ಈ ಮೂಲೆಯಿಂದ ಆ ಮೂಲೆಗೆ ಸಾಗಿಸುತ್ತೆ ಅಷ್ಟೆ, ನಿನ್ನ ಬಸ್ಸಿನ ಥರ. ನನ್ನ ಮನೇಲಿ ಏಸಿ ಇಟ್ಕೊಂಡು ಅತ್ತೇನ ಫ್ಯಾನಿಗೆ ಕಳಿಸಿದ್ರೆ ಬೀದಿಯವರು ಏನಂದಾರು?”

ಕಂಡಕ್ಟರು ಅಕ್ಕನ ಮುಖ ನೋಡಿದ. ಅಕ್ಕ ನೆಲ ನೋಡಿದಳು. ತಮ್ಮನೆದುರು ಗಂಡನ ಮಾನ ತೆಗೆಯಲು ಅವಳಿಗೆ ಬಾಯಿ ಬರಲಿಲ್ಲ. ಆ ಒಂದು ಕ್ಷಣದಲ್ಲಿ ಮುದುಕಿಯ ಹಣೆಬರಹ ದಪ್ಪ ಗೋಡೆಯ ಮನೆಯಿಂದ ಅಳಿಯನ ಮೂರನೇ ಮಹಡಿಯ ಮನೆಗೆ ಬದಲಾಯಿತು.

ಆಟೋದಲ್ಲಿ ತಾಯಿ ಕಣ್ಣು ಮುಚ್ಚಿದ ಮೇಲೆ ಅವಳು ಗಂಡನ ಕಿವಿಗೆ ಬಾಯಿಟ್ಟು ಕೇಳಿದಳು: “ಆ ಡಬ್ಬದೊಳಗೆ ಏನಿದೆ ಅಂತ ಅಮ್ಮನಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?”

“ಸಂಜೆಯೊಳಗೆ ಮಿಷನ್ ತಂದು ಕೂರಿಸ್ತೀನಿ. ನಾನ್ಯಾರು ಅಂದ್ಕೊಂಡಿದೀಯ?”

“ಅದೇ ಭಯ ನನಗೆ.”

ಡಬ್ಬದ ಕತೆ ಇಷ್ಟೆ. ಎರಡು ಬೇಸಿಗೆಯ ಹಿಂದೆ ಐಸ್‌ಮಾಮ ಗುಜರಿಯಿಂದ ಏಸಿಯ ಹೊರಗಿನ ಡಬ್ಬವೊಂದನ್ನು ತಂದು, ಬಣ್ಣ ಹೊಡೆದು, ಬೀದಿ ಕಡೆಯ ಗೋಡೆಗೆ ನೇತುಹಾಕಿದ್ದ. ಒಳಗೆ ಮಿಷನ್ನಿಲ್ಲ, ತಾಮ್ರದ ಕೊಳವೆಯಿಲ್ಲ, ಒಂದು ನಟ್ಟೂ ಇಲ್ಲ. ಮುಂದಿನ ತಿಂಗಳು ಉಳಿದದ್ದೆಲ್ಲ ಬರುವುದಿತ್ತು. ಆ ಮುಂದಿನ ತಿಂಗಳು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಕೆಳಗಿನ ಟೀ ಅಂಗಡಿಯವನು ಕತ್ತೆತ್ತಿ, “ಏನ್ ಮಾಮ, ಏಸಿ ಹಾಕ್ಸಿದ್ರಾ?” ಎಂದು ಕೇಳಿಬಿಟ್ಟ. ಹೌದೆನ್ನಲು ಒಂದೇ ಒಂದು ಮಾತು ಸಾಕಾಯಿತು. ಆ ಮಾತನ್ನು ಉಳಿಸಿಕೊಳ್ಳಲು ಅಂದಿನಿಂದ ಕಿಟಕಿ ಮುಚ್ಚಬೇಕಾಯಿತು. ಏಸಿ ಇರುವ ಮನೆ ಕಿಟಕಿ ತೆರೆದಿಟ್ಟೀತೇ? ಗಂಡ ಹೆಂಡತಿ ಎರಡು ಬೇಸಿಗೆ ಒಳಗೇ ಕುದಿದರು. ಬೆಳಿಗ್ಗೆ ಹೊರಡುವ ಮುನ್ನ ಐಸ್‌ಮಾಮ ಬೆವರೊರೆಸಿಕೊಂಡು, ಕುತ್ತಿಗೆಗೆ ಮಫ್ಲರ್ ಸುತ್ತಿ, ಮೆಟ್ಟಿಲಿಳಿದು ಬೀದಿಯಲ್ಲಿ ಒಮ್ಮೆ ಕೆಮ್ಮುತ್ತಿದ್ದ.

ಸಂಜೆಯೊಳಗೆ ಮಿಷನ್ ಬರಲಿಲ್ಲ. ಊರಿನ ಏಸಿಗಳೆಲ್ಲ ಒಟ್ಟಿಗೇ ಕೈಕೊಟ್ಟಿದ್ದವು. ಅಂಗಡಿಗಳಲ್ಲಿ ಒಂದು ಬಿಡಿಭಾಗವೂ ಸಿಗುತ್ತಿರಲಿಲ್ಲ. ಕತ್ತಲಾಗುತ್ತಲೇ ಎಲ್ಲಿಂದಲೋ ಸಣ್ಣ ಗಾಳಿ ಎದ್ದಿತು. ಬೀದಿಯುದ್ದಕ್ಕೂ ಕಿಟಕಿಗಳು ಪಟಪಟನೆ ತೆರೆದುಕೊಂಡವು. ಒಂದು ಮಾತ್ರ ತೆರೆಯಲಿಲ್ಲ.

“ಒಂದು ರೆಕ್ಕೆನಾದ್ರೂ ತೆಗೀರಿ,” ಎಂದಳು ಹೆಂಡತಿ.

“ಎದುರುಗಡೆ ಎಲ್ಲಾ ಹೊರಗೇ ಕೂತಿದ್ದಾರೆ ಕಣೇ. ನಾಳೆ ನೋಡು, ಈ ಮನೇನ ಫ್ರಿಜ್ ಮಾಡಿಬಿಡ್ತೀನಿ.”

ಹಗಲಿಡೀ ಬಿಸಿಲು ಕುಡಿದಿದ್ದ ತಾರಸಿ, ರಾತ್ರಿಯಿಡೀ ಅದನ್ನು ಮನೆಯೊಳಗೇ ಕಕ್ಕಿತು.

ಮರುದಿನ ಹೆಂಡತಿ ಪ್ಯಾಕಿಂಗ್ ಕೆಲಸಕ್ಕೆ ಹೋಗಲೇಬೇಕಿತ್ತು. ರಜೆಯೆಲ್ಲ ಆಸ್ಪತ್ರೆಯಲ್ಲೇ ಮುಗಿದಿತ್ತು. “ಅಮ್ಮನ ಹಣೆ ಮುಟ್ಟಿ ಮುಟ್ಟಿ ನೋಡ್ತಾ ಇರಿ,” ಎಂದು ನಾಲ್ಕು ಸಲ ಹೇಳಿ ಹೋದಳು. ಐಸ್‌ಮಾಮ ಅಂಗಡಿ ಮುಚ್ಚಿ ಮನೆಯ ಮೇಲೆ ಯುದ್ಧಕ್ಕೆ ನಿಂತ. ತಾರಸಿಗೆ ಗೋಣಿಚೀಲ ಹಾಸಿ ನೀರು ಹೊಯ್ದ. ಸಮುದ್ರವೇ ಒಂದು ಮೊಳ ಇಳಿಯುವಷ್ಟು ಹೊಯ್ದ. ಇಳಿದು ಬರುವಷ್ಟರಲ್ಲಿ ಚೀಲಗಳು ಒಣಗಿ ಹಪ್ಪಳವಾಗಿದ್ದವು. ಮನೆಯಲ್ಲಿದ್ದ ಹಾಸಿಗೆ ಬಟ್ಟೆಗಳನ್ನೆಲ್ಲ ನೆನೆಸಿ ಬಾಗಿಲಿಗೆ, ಹಗ್ಗಕ್ಕೆ, ಕುರ್ಚಿಗಳ ಬೆನ್ನಿಗೆ ಹರಡಿದ. ಮಂಜುಗಡ್ಡೆಯ ದೊಡ್ಡ ತುಂಡೊಂದನ್ನು ಹೆಗಲ ಮೇಲೆ ಹೊತ್ತು ತಂದು, ಟಬ್ಬಿನಲ್ಲಿಟ್ಟು, ಅದರ ಹಿಂದೆ ಫ್ಯಾನು ತಿರುಗಿಸಿದ.

ಸ್ವಲ್ಪ ಹೊತ್ತು ಕೋಣೆ ನಿಜಕ್ಕೂ ತಂಪಾಯಿತು. ಐಸ್‌ಮಾಮ ಮೀಸೆ ತಿರುವಿದ.

“ಏಸಿ ಎಲ್ಲಿ ಅಳಿಯಂದ್ರೇ?” ಚಾಪೆಯ ಮೇಲಿಂದ ಅತ್ತೆ ಕೇಳಿದಳು. “ಸದ್ದೇ ಕೇಳಿಸ್ತಿಲ್ಲ.”

“ಹೊಸ ನಮೂನೆ ಅತ್ತೆ. ಸದ್ದೇ ಮಾಡಲ್ಲ.”

“ಹಾಗಾದ್ರೆ ನಿಮ್ಮ ಜಾತಿದಲ್ಲ ಬಿಡಿ.”

ಅವಳು ಬೈದರೆ ಅವನಿಗೆ ಧೈರ್ಯ. ಉಪ್ಪು ಸಕ್ಕರೆ ಕಲಸಿದ ನೀರನ್ನು ಚಮಚದಲ್ಲಿ ಕುಡಿಸಿದ. ಆದರೆ ಮಧ್ಯಾಹ್ನ ಏರಿದಂತೆ ಬಟ್ಟೆಗಳ ನೀರೆಲ್ಲ ಆವಿಯಾಗಿ, ಮಂಜುಗಡ್ಡೆ ಕರಗಿ, ಆ ತೇವಕ್ಕೆ ಹೊರಗೆ ಹೋಗಲು ಒಂದು ಸೂಜಿಯಷ್ಟೂ ದಾರಿಯಿರಲಿಲ್ಲ. ಗೋಡೆಗಳು ಬೆವರಿದವು. ಉಸಿರೆಳೆದರೆ ಬಿಸಿ ಒದ್ದೆ ಬಟ್ಟೆಯನ್ನು ಮೂಗಿಗೆ ಒತ್ತಿದಂತಿತ್ತು. ಫ್ರಿಜ್ಜನ್ನು ಗೋಡೆಗೆ ಅಂಟಿಸಿಟ್ಟ ಮನೆಗಳಲ್ಲೆಲ್ಲ ಅವನು ಹೇಳುತ್ತಿದ್ದ ಮಾತೊಂದಿತ್ತು: “ಇದಕ್ಕೂ ಉಸಿರಾಡಕ್ಕೆ ಜಾಗ ಬೇಕಮ್ಮ. ಒಳಗಿನ ಬಿಸಿ ಎಲ್ಲಿಗೆ ಹೋಗಬೇಕು?” ಈಗ ಆ ಮಾತು ತನ್ನಷ್ಟಕ್ಕೆ ತಾನೇ ನೆನಪಾಯಿತು.

ಅತ್ತೆಯ ಹಣೆ ಮುಟ್ಟಿದ. ಬೆವರಿಲ್ಲ. ಒಣಗಿದ ಹೆಂಚಿನಂತೆ ಸುಡುತ್ತಿತ್ತು.

“ಅತ್ತೆ?”

ಅವಳು ಕಣ್ಣು ಅರೆತೆರೆದು ಅವನನ್ನು ನೋಡಿದಳು. “ಅಣ್ಣಾ,” ಎಂದಳು ಮೆಲ್ಲಗೆ, “ಹೊತ್ತಾಯ್ತು, ಮನೆಗೆ ಹೋಗೋಣ ಬಾ.”

ಅವಳ ಅಣ್ಣ ಸತ್ತು ಎಷ್ಟೋ ವರ್ಷವಾಗಿತ್ತು.

ಐಸ್‌ಮಾಮ ಅವಳನ್ನು ಎತ್ತಲು ಹೋದ. ಸಾವಿರ ಫ್ರಿಜ್ಜುಗಳನ್ನು ಒಂಟಿ ಕೈಯಲ್ಲಿ ಎತ್ತಿದ್ದೇನೆ ಎಂದು ಹೇಳಿಕೊಂಡವನ ತೋಳುಗಳಲ್ಲಿ ಮುದುಕಿ ಜೋಲಿದಳು. ಕಡಿದಾದ ಮೆಟ್ಟಿಲಿನಲ್ಲಿ ಒಬ್ಬನೇ ಇಳಿಸಿದರೆ ಇಬ್ಬರೂ ಉರುಳುವುದು ಖಚಿತ. ಅಷ್ಟರಲ್ಲಿ ಮುಚ್ಚಿದ ಕಿಟಕಿಯಾಚೆ, ಕೆಳಗೆ ಟೀ ಅಂಗಡಿಯಲ್ಲಿ, ಪರಿಚಯದ ದನಿ ಕೇಳಿಸಿತು. ಕಂಡಕ್ಟರು ಡ್ಯೂಟಿ ಮುಗಿಸಿ ತಾಯಿಯನ್ನು ನೋಡಲು ಬಂದಿದ್ದ.

“ನಮ್ಮಮ್ಮನಿಗೇನು ರಾಜಯೋಗ,” ಎನ್ನುತ್ತಿದ್ದ. “ಭಾವನ ಮನೇಲಿ ಏಸಿ ಹಾಕ್ಕೊಂಡು ಮಲಗಿದ್ದಾರೆ. ನಾನೂ ಒಂದು ಗಳಿಗೆ ಕೂತು ಬರೋಣ ಅಂತ.”

ಐಸ್‌ಮಾಮ ಅತ್ತೆಯನ್ನು ಚಾಪೆಗೆ ಇಳಿಸಿ ಪರದೆ ಕಿತ್ತೆಸೆದ. ಕಿಟಕಿ ಅಲುಗಲಿಲ್ಲ, ಎರಡು ವರ್ಷದ ಬಣ್ಣ, ತುಕ್ಕು, ಸುಳ್ಳು ಎಲ್ಲ ಸೇರಿ ಅದನ್ನು ಚೌಕಟ್ಟಿಗೆ ಬೆಸೆದಿದ್ದವು. ದೊಡ್ಡ ಸ್ಪ್ಯಾನರ್ ತಂದು ಚಿಲಕಕ್ಕೆ ಬಾರಿಸಿದ. ಮತ್ತೆ ಬಾರಿಸಿದ. ರೆಕ್ಕೆ ಧಡಾರನೆ ಹೊರಕ್ಕೆ ಹಾರಿ ಡಬ್ಬದ ಪಕ್ಕೆಗೆ ಗುದ್ದಿತು. ಖಾಲಿ ಪೀಪಾಯಿಯ ಸದ್ದು ಬೀದಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಏಸಿಯ ಜಾಲರಿಯ ಸಂದಿನಿಂದ ಒಂದು ಪಾರಿವಾಳ, ಹಿಂದೆಯೇ ಇನ್ನೊಂದು, ರೆಕ್ಕೆ ಬಡಿದುಕೊಂಡು ಹೊರಬಿದ್ದವು. ಅವುಗಳ ಹಿಂದೆ ಒಂದು ಹಿಡಿ ಕಡ್ಡಿ ಕಸ ಟೀ ಅಂಗಡಿಯ ಮೇಲೆ ಉದುರಿತು.

ಬೀದಿ ಕತ್ತೆತ್ತಿತು. ಕಂಡಕ್ಟರನ ಕೈಯಲ್ಲಿ ಲೋಟ ಹಾಗೇ ನಿಂತಿತು.

“ಭಾವ, ಏಸಿಯೊಳಗೆ ಪಾರಿವಾಳ...”

ಐಸ್‌ಮಾಮನ ನಾಲಿಗೆಯ ತುದಿಗೆ ಉತ್ತರ ಬಂದೇ ಬಂದಿತ್ತು, ಅದೂ ಒಳ್ಳೆಯ ಉತ್ತರ. ಅದನ್ನು ನುಂಗಿಕೊಂಡ.

“ಡಬ್ಬ ಖಾಲಿ ಕಣೋ,” ಎಂದು ಕೂಗಿದ. ದನಿ ಒಡೆಯಿತು. “ಎಂದೂ ಏನೂ ಇರಲಿಲ್ಲ ಅದರೊಳಗೆ. ಅಮ್ಮನ ಮೈ ಸುಡ್ತಿದೆ. ಆಂಬುಲೆನ್ಸಿಗೆ ಫೋನ್ ಮಾಡಿಸು, ನೀನು ಮೇಲೆ ಓಡಿ ಬಾ.”

ಟೀ ಅಂಗಡಿಯವನು ಫೋನ್ ತೆಗೆದ. ಮೇಲೆ ಬಂದ ಕಂಡಕ್ಟರು ಒಳಗಿನ ಹಬೆಗೆ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಒಳಗೆ ನುಗ್ಗಿದ. ಇಬ್ಬರೂ ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಸೀರೆಯಿಂದ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ಕೆಳಗೆ, ನೆಲಮಹಡಿಯಲ್ಲಿ ವಾಸವಿದ್ದ ಮನೆಯೊಡತಿ ಬಾಗಿಲು ತೆರೆದು ನಿಂತಿದ್ದಳು. ಅವಳ ನಡುಮನೆಯ ಕಲ್ಲು ನೆಲ ತಣ್ಣಗಿತ್ತು. ಎದುರುಬದುರು ಎರಡು ಕಿಟಕಿ ತೆರೆದಿದ್ದವು. ಮುದುಕಿಯನ್ನು ಅಲ್ಲೇ ಮಲಗಿಸಿ, ತಲೆಯಿಂದ ಪಾದದವರೆಗೆ ನೀರು ಚಿಮುಕಿಸಿ ಫ್ಯಾನು ಹಾಕಿದರು. ಕಂಕುಳಿಗೆ, ಕುತ್ತಿಗೆಗೆ ಒದ್ದೆ ಬಟ್ಟೆಯಿಟ್ಟರು. ಐಸ್‌ಮಾಮ ಮೊಣಕಾಲೂರಿ, ರಟ್ಟಿನ ತುಂಡಿನಿಂದ ಬೀಸಿದ, ಬೀಸಿದ. ಬಾಗಿಲಲ್ಲಿ ಬೀದಿಯವರು ನಿಂತಿದ್ದರು. ಅವನು ತಲೆಯೆತ್ತಲಿಲ್ಲ.

ಕಂಡಕ್ಟರು ತಾಯಿಯ ಕೈ ಹಿಡಿದು ಕೂತಿದ್ದ. “ನಮ್ಮನೆ ಗೋಡೆ ದಪ್ಪ ಇತ್ತು ಭಾವ,” ಎಂದ. ಅಷ್ಟೇ ಅಂದ.

ಬೀಸುವ ಕೈ ಒಮ್ಮೆ ನಿಂತು ಮತ್ತೆ ಬೀಸತೊಡಗಿತು.

ತುಂಬಾ ಹೊತ್ತಾದ ಮೇಲೆ ಮುದುಕಿಯ ಕಣ್ಣು ಫ್ಯಾನಿನ ಕಡೆ, ಮಗನ ಕಡೆ, ಕೊನೆಗೆ ಅಳಿಯನ ಕಡೆ ಹೊರಳಿತು. ಅವಳ ತುಟಿ ಅಲುಗಿತು. ಎಲ್ಲರೂ ಬಾಗಿದರು.

“ಅಳಿಯಂದ್ರೇ,” ಎಂದಳು. “ಆ ಸೊಳ್ಳೆ...”

ದೂರದಲ್ಲಿ ಆಂಬುಲೆನ್ಸಿನ ಸದ್ದು ತಿರುವು ದಾಟಿ ಹತ್ತಿರವಾಗುತ್ತಿತ್ತು.

“ಚಳಿಗೆ ಸಾಯಲಿಲ್ಲ ಅತ್ತೆ,” ಎಂದ ಐಸ್‌ಮಾಮ. “ಸೆಖೆಗೆ ನಿದ್ದೆ ಬರದೆ ಎದ್ದು ಕೂತಿದ್ದೆ. ನಾನೇ ಹೊಡೆದೆ.”

ಮುದುಕಿ ಕಣ್ಣು ಮುಚ್ಚಿದಳು. ಅವಳ ಹಣೆಯ ಅಂಚಿನಲ್ಲಿ ಸಣ್ಣದೊಂದು ಬೆವರ ಹನಿ ಮೂಡಿ, ಅಲ್ಲೇ ನಿಂತಿತು. ಹೊರಗೆ, ಮೂರನೇ ಮಹಡಿಯ ತೆರೆದ ಕಿಟಕಿಯ ಪಕ್ಕದಲ್ಲಿ, ಪಾರಿವಾಳವೊಂದು ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಡಬ್ಬದ ಮೇಲೆ ಇಳಿಯಿತು. ಆಚೀಚೆ ನೋಡಿ, ಜಾಲರಿಯ ಸಂದಿನಿಂದ ಒಳಗೆ ಹೋಯಿತು.